ಕೋವಿಯ ಬಾಯಿ ಎಷ್ಟು ಅಗಲವಿರಬೇಕು?

ನ್ಯೂಟನ್ನನ ಮೂರನೆಯ ನಿಯಮಕ್ಕೆ ಒಂದು ಉದಾಹರಣೆ ಕೊಡಿ ಎಂದರೆ ಹೆಚ್ಚಿನ ಮಕ್ಕಳು ಬಂದೂಕನ್ನೇ ಹೇಳುತ್ತಾರೆ. ಗುಂಡು ಮುಂದಕ್ಕೆ ಹಾರುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಪಠ್ಯಪುಸ್ತಕದಲ್ಲಿ ವಿಷಯ ಅಲ್ಲಿಗೆ ಮುಗಿಯುತ್ತದೆ. ಆದರೆ ಕೊಡಗಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಗೆ ಅಲ್ಲಿಗೆ ಮುಗಿಯಲಿಲ್ಲ. "ಸರ್, ನಮ್ಮ ಮನೆಯಲ್ಲಿ ಎರಡು ಕೋವಿ ಇವೆ. ಒಂದು ಒದೆಯುವುದೇ ಇಲ್ಲ. ಇನ್ನೊಂದನ್ನು ಹೊಡೆದರೆ ನಮ್ಮಣ್ಣನಿಗೆ ಎರಡು ದಿನ ಭುಜ ನೋಯುತ್ತದೆ. ನಿಯಮ ಎರಡಕ್ಕೂ ಒಂದೇ ಅಲ್ಲವೇ?" ಎಂದು ಕೇಳಿದ. ನಾನು ಉತ್ತರ ಹೇಳುವ ಮೊದಲೇ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ: "ಕೈಲ್‌ಪೊಳ್ದಿಗೆ ತೆಂಗಿನಕಾಯಿ ಹೊಡೆಯಲು ಯಾವುದು ಒಳ್ಳೆಯದು?"

ಕೈಲ್‌ಪೊಳ್ದ್ ಕೊಡವರ ಆಯುಧಪೂಜೆಯ ಹಬ್ಬ. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುತ್ತದೆ. ಆಗ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಸ್ಪರ್ಧೆಯ ಕರಪತ್ರದಲ್ಲಿ ಏರ್‌ಗನ್, ಪಾಯಿಂಟ್ ಟೂ ಟೂ, ಟ್ವೆಲ್ವ್ ಬೋರ್ ಎಂದು ವಿಭಾಗಗಳನ್ನು ಹಾಕಿರುವುದನ್ನು ಕಾಣಬಹುದು. ಈ ಮೂರು ಹೆಸರುಗಳನ್ನು ಬಿಡಿಸಿದರೆ ಹುಡುಗನ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಮೊದಲು ಆ ಅಂಕಿಗಳ ಅರ್ಥವನ್ನು ನೋಡೋಣ.

ಅಂಕಿಗಳ ಗೋಜಲು

ಕೋವಿಯ ನಳಿಗೆಯ ಒಳವ್ಯಾಸಕ್ಕೆ ಕ್ಯಾಲಿಬರ್ ಎನ್ನುತ್ತಾರೆ. ಪಾಯಿಂಟ್ ಟೂ ಟೂ ಎಂದರೆ 0.22 ಅಂಗುಲ, ಅಂದರೆ ಸುಮಾರು 5.6 ಮಿ.ಮೀ. ಏರ್‌ಗನ್ನಿನ 0.177 ಎಂದರೆ 4.5 ಮಿ.ಮೀ. ಇಲ್ಲಿಯವರೆಗೆ ತೊಂದರೆಯಿಲ್ಲ. ಹಾಗಾದರೆ 12 ಬೋರ್ ಎಂದರೆ 12 ಅಂಗುಲವೇ? ಅಷ್ಟು ಅಗಲದ ಬಾಯಿ ಇರುವುದು ಯುದ್ಧನೌಕೆಯ ಫಿರಂಗಿಗೆ!

ಇದು ಹಳೆಯ ಕಾಲದ ಅಳತೆ. ಒಂದು ಪೌಂಡ್ ಸೀಸವನ್ನು ಕರಗಿಸಿ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ, ಅವುಗಳಲ್ಲಿ ಒಂದು ಗುಂಡು ಯಾವ ನಳಿಗೆಯೊಳಗೆ ಸರಿಯಾಗಿ ಕೂರುತ್ತದೆಯೋ ಅದು 12 ಬೋರ್. ಲೆಕ್ಕ ಹಾಕಿ ನೋಡಿ. ಒಂದು ಪೌಂಡ್ ಎಂದರೆ 453.6 ಗ್ರಾಮ್. ಅದನ್ನು 12ರಿಂದ ಭಾಗಿಸಿದರೆ 37.8 ಗ್ರಾಮ್. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಮ್. ಆದ್ದರಿಂದ ಗುಂಡಿನ ಗಾತ್ರ 3.33 ಘನ ಸೆಂ.ಮೀ. ಗೋಳದ ಗಾತ್ರದ ಸೂತ್ರದಿಂದ ವ್ಯಾಸ ಸುಮಾರು 18.5 ಮಿ.ಮೀ. ಎಂದು ಬರುತ್ತದೆ. ಈ ಪದ್ಧತಿಯಲ್ಲಿ ಅಂಕಿ ದೊಡ್ಡದಾದಂತೆ ಬಾಯಿ ಕಿರಿದಾಗುತ್ತದೆ ಎಂಬುದನ್ನು ಗಮನಿಸಿ. 16 ಬೋರ್, 20 ಬೋರ್ ಕೋವಿಗಳು 12 ಬೋರಿಗಿಂತ ಸಣ್ಣವು.

ರೈಫಲ್ಲುಗಳ ಹೆಸರುಗಳೂ ಪೂರ್ತಿ ಪ್ರಾಮಾಣಿಕವಲ್ಲ. ತ್ರೀ ನಾಟ್ ತ್ರೀ ಎಂದು ಪ್ರಸಿದ್ಧವಾದ .303 ರೈಫಲ್ಲಿನ ಗುಂಡಿನ ವ್ಯಾಸ 0.311 ಅಂಗುಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ತೋಡುಗಳ ನಡುವಿನ ಏಣುಗಳಿಂದ ಅಳೆದರೆ ಒಂದು ಲೆಕ್ಕ, ತೋಡಿನ ತಳದಿಂದ ಅಳೆದರೆ ಇನ್ನೊಂದು. ಥರ್ಟಿ ನಾಟ್ ಸಿಕ್ಸ್ ಎನ್ನುವ .30-06ರಲ್ಲಿನ 06 ಅಳತೆಯೇ ಅಲ್ಲ, ಅದು ಅಮೆರಿಕದ ಸೇನೆ ಆ ತೋಟಾವನ್ನು ಒಪ್ಪಿಕೊಂಡ 1906ನೇ ಇಸವಿ. ಇನ್ನು .38 ಸ್ಪೆಷಲ್ ರಿವಾಲ್ವರಿನ ಗುಂಡು ನಿಜವಾಗಿ 0.357 ಅಂಗುಲ. ಹೆಸರನ್ನು ಹೆಸರೆಂದೇ ತಿಳಿಯುವುದು ಲೇಸು. ಕೋವಿಯ ಮೇಲೆ ಕೆತ್ತಿರುವ ಹೆಸರೂ ತೋಟಾದ ಪೆಟ್ಟಿಗೆಯ ಮೇಲಿನ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. "ಹೆಚ್ಚು ಕಡಿಮೆ ಅದೇ" ಎಂದು ತೋಟಾ ತುಂಬಿದವರು ಕೈ, ಕಣ್ಣು ಕಳೆದುಕೊಳ್ಳಬಹುದು.

ಅಗಲವೊಂದೇ ಸಾಲದು

ಅಗಲ ಹೆಚ್ಚಿದಷ್ಟೂ ಬಲ ಹೆಚ್ಚು ಎಂದು ಅನೇಕರು ತಿಳಿಯುತ್ತಾರೆ. ಇದು ಅರ್ಧ ಸತ್ಯ. ಪಾಯಿಂಟ್ ಟೂ ಟೂ ತೋಟಾದ ಸಾಮಾನ್ಯ ಗುಂಡು 40 ಗ್ರೇನ್ ತೂಗುತ್ತದೆ, ಅಂದರೆ 2.6 ಗ್ರಾಮ್. ಅದು ನಳಿಗೆ ಬಿಡುವ ವೇಗ ಸೆಕೆಂಡಿಗೆ ಸುಮಾರು 326 ಮೀಟರ್. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸುಮಾರು 138 ಜೂಲ್. ಈಗ .223 ಎಂಬ ಇನ್ನೊಂದು ತೋಟಾವನ್ನು ನೋಡಿ. ಗುಂಡಿನ ಅಗಲದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಇದರ ತೋಟಾ ಉದ್ದ, ಒಳಗೆ ಮದ್ದು ಬಹಳ. ಗುಂಡು 3.56 ಗ್ರಾಮ್, ವೇಗ ಸೆಕೆಂಡಿಗೆ ಸುಮಾರು 988 ಮೀಟರ್, ಶಕ್ತಿ 1,740 ಜೂಲ್‌ಗೆ ಹತ್ತಿರ. ಅಗಲ ಅದೇ, ಶಕ್ತಿ ಹನ್ನೆರಡು ಪಟ್ಟು! .30-06ರಲ್ಲಿ 9.7 ಗ್ರಾಮಿನ ಗುಂಡು ಸೆಕೆಂಡಿಗೆ 887 ಮೀಟರ್ ವೇಗದಲ್ಲಿ ಹೊರಟು 3,800 ಜೂಲ್ ದಾಟುತ್ತದೆ. ಸ್ಪರ್ಧೆಯ ಏರ್ ರೈಫಲ್ಲಿನ ಅರ್ಧ ಗ್ರಾಮಿನ ಗುಂಡಿನಲ್ಲಿರುವುದು ಎಂಟು ಜೂಲ್‌ಗಿಂತ ಕಡಿಮೆ.

ಈ ಅಂಕಿಗಳನ್ನು ನಮಗೆ ಗೊತ್ತಿರುವ ಒಂದು ವಸ್ತುವಿನೊಂದಿಗೆ ಹೋಲಿಸೋಣ. ವೇಗದ ಬೌಲರ್ ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆಯುವ 160 ಗ್ರಾಮಿನ ಕ್ರಿಕೆಟ್ ಚೆಂಡಿನ ಚಲನಶಕ್ತಿ ಸುಮಾರು 120 ಜೂಲ್. ಪಾಯಿಂಟ್ ಟೂ ಟೂ ಗುಂಡಿನದೂ ಅದಕ್ಕೆ ಹತ್ತಿರವೇ ಇದೆ. ಆದರೆ ಚೆಂಡಿಗಿಂತ ಸುಮಾರು 160ರಷ್ಟು ಪಾಲು ಕಡಿಮೆ ಜಾಗದ ಮೇಲೆ ಆ ಶಕ್ತಿಯೆಲ್ಲ ಬೀಳುತ್ತದೆ. ಚೆಂಡು ತಾಗಿದ ಜಾಗ ಊದಿಕೊಳ್ಳುತ್ತದೆ, ಗುಂಡು ಒಳಹೊಕ್ಕು ಕೊಲ್ಲುತ್ತದೆ. ಇದನ್ನು "ಸಣ್ಣ ಕೋವಿ" ಎಂದು ಹಗುರವಾಗಿ ಕಾಣುವವರು ಈ ಲೆಕ್ಕವನ್ನು ನೆನಪಿಡಬೇಕು.

ಒದೆತದ ಲೆಕ್ಕ

ಈಗ ಹುಡುಗನ ಮೊದಲ ಪ್ರಶ್ನೆ. ಅವನ ಮನೆಯಲ್ಲಿದ್ದುದು ಒಂದು ಪಾಯಿಂಟ್ ಟೂ ಟೂ ರೈಫಲ್, ಒಂದು 12 ಬೋರ್ ತೋಟಾ ಕೋವಿ. ಲೆಕ್ಕ ಸುಲಭವಾಗಲು ಎರಡೂ 3 ಕಿಲೋಗ್ರಾಮ್ ತೂಗುತ್ತವೆ ಎಂದುಕೊಳ್ಳೋಣ. ಸಂವೇಗ ಎಂದರೆ ರಾಶಿ ಮತ್ತು ವೇಗಗಳ ಗುಣಲಬ್ಧ. ಗುಂಡು ಮುಂದಕ್ಕೆ ಪಡೆಯುವ ಸಂವೇಗದಷ್ಟನ್ನೇ ಕೋವಿ ಹಿಂದಕ್ಕೆ ಪಡೆಯುತ್ತದೆ. ಟೂ ಟೂ ಗುಂಡಿನ ಸಂವೇಗ 0.0026 × 326 = 0.85 ಮೂಲಮಾನ. ಅದನ್ನು 3ರಿಂದ ಭಾಗಿಸಿದರೆ ಕೋವಿ ಸೆಕೆಂಡಿಗೆ 0.28 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಆ ಚಲನೆಯ ಶಕ್ತಿ 0.12 ಜೂಲ್. ಭುಜಕ್ಕೆ ಇದು ಗೊತ್ತೇ ಆಗದು.

12 ಬೋರಿನ ಒಂದು ಸಾಮಾನ್ಯ ತೋಟಾದಲ್ಲಿ 32 ಗ್ರಾಮ್ ಚರೆ ಇರುತ್ತದೆ. ಅದು ಸೆಕೆಂಡಿಗೆ 365 ಮೀಟರ್ ವೇಗದಲ್ಲಿ ಹೊರಟರೆ ಸಂವೇಗ 11.7. ಕೋವಿಯ ಹಿಂದೋಟ ಸೆಕೆಂಡಿಗೆ 3.9 ಮೀಟರ್, ಶಕ್ತಿ ಸುಮಾರು 23 ಜೂಲ್. ಸಂವೇಗ ಹದಿನಾಲ್ಕು ಪಟ್ಟಾದಾಗ ಒದೆತದ ಶಕ್ತಿ ಅದರ ವರ್ಗದಷ್ಟು, ಸುಮಾರು 190 ಪಟ್ಟು ಆಗುತ್ತದೆ. ನಿಯಮ ಎರಡಕ್ಕೂ ಒಂದೇ. ವರ್ಗ ಮಾಡುವ ಗಣಿತವೇ ಅಣ್ಣನ ಭುಜ ನೋಯಿಸಿದ್ದು. ಇಲ್ಲಿ ನಾನು ಮದ್ದು ಉರಿದು ಚಿಮ್ಮುವ ಅನಿಲವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. .30-06ರಂಥ ರೈಫಲ್ಲಿನಲ್ಲಿ ಅದನ್ನು ಬಿಡುವಂತಿಲ್ಲ. ಅದರ ಗುಂಡಿನ ಸಂವೇಗ 8.6. ಮೂರು ಗ್ರಾಮಿಗೂ ಹೆಚ್ಚಿನ ಮದ್ದು ಗುಂಡಿಗಿಂತಲೂ ವೇಗವಾಗಿ ಬಾಯಿಂದ ಚಿಮ್ಮುವುದರಿಂದ ಒಟ್ಟು ಸಂವೇಗ 12ರ ಆಸುಪಾಸಿಗೆ ಏರುತ್ತದೆ. ಹೀಗಾಗಿ ಅದೂ 12 ಬೋರಿನಷ್ಟೇ ಒದೆಯುತ್ತದೆ. ಇದೇ ಸೂತ್ರದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ: ಭಾರದ ಕೋವಿ ಕಡಿಮೆ ಒದೆಯುತ್ತದೆ. ಹೊತ್ತು ತಿರುಗಲು ಹಗುರವಾದದ್ದು ಹೊಡೆಯುವಾಗ ಸೇಡು ತೀರಿಸಿಕೊಳ್ಳುತ್ತದೆ.

ಭುಜದ ನೋವು ದೊಡ್ಡ ವಿಷಯವಲ್ಲ, ಎರಡು ದಿನದಲ್ಲಿ ಹೋಗುತ್ತದೆ. ಹೋಗದೆ ಉಳಿಯುವುದು ಬೆಚ್ಚುವ ಅಭ್ಯಾಸ. ಒಮ್ಮೆ ಬಲವಾಗಿ ಒದೆಸಿಕೊಂಡ ದೇಹ ಮುಂದಿನ ಸಲ ಟ್ರಿಗರ್ ಒತ್ತುವ ಕ್ಷಣದಲ್ಲಿ ತಾನಾಗಿಯೇ ಬಿಗಿಯಾಗುತ್ತದೆ. ಕಣ್ಣು ಮುಚ್ಚುತ್ತದೆ, ಕೋವಿಯ ಮೂತಿ ಕೂದಲಷ್ಟು ಕೆಳಗೆ ಬಾಗುತ್ತದೆ. ಒಂದು ಮೀಟರ್ ಉದ್ದದ ಕೋವಿಯ ಮೂತಿ ಎರಡು ಮಿ.ಮೀ. ಕೆಳಗಾದರೆ 50 ಮೀಟರಿನಲ್ಲಿ ಗುಂಡು 10 ಸೆಂ.ಮೀ. ಕೆಳಗೆ ಹೋಗುತ್ತದೆ. ತೆಂಗಿನಕಾಯಿ ಹಾಗೇ ನೇತಾಡುತ್ತಿರುತ್ತದೆ. ಹೊಡೆದವನಿಗೆ ತಾನು ಬೆಚ್ಚಿದ್ದು ತಿಳಿಯುವುದಿಲ್ಲ. ಶಬ್ದ, ಹೊಗೆ, ಒದೆತಗಳಲ್ಲಿ ಅದು ಮುಚ್ಚಿಹೋಗುತ್ತದೆ. ಅವನು ಕೋವಿಯನ್ನೇ ಬೈಯುತ್ತಾನೆ.

ಇದನ್ನು ಪತ್ತೆಹಚ್ಚಲು ತರಬೇತುದಾರರು ಒಂದು ಸರಳ ಉಪಾಯ ಬಳಸುತ್ತಾರೆ. ಗುರಿಕಾರನಿಗೆ ಗೊತ್ತಾಗದಂತೆ, ನಡುನಡುವೆ ಮದ್ದಿಲ್ಲದ ಸುಳ್ಳು ತೋಟಾ ತುಂಬಿ ಕೊಡುತ್ತಾರೆ. ಟ್ರಿಗರ್ ಒತ್ತಿದಾಗ 'ಟಕ್' ಎನ್ನುತ್ತದೆ, ಗುಂಡು ಹಾರುವುದಿಲ್ಲ, ಆದರೂ ಕೋವಿಯ ಮೂತಿ ತಟಕ್ಕನೆ ಬಾಗುತ್ತದೆ. ಇದನ್ನು ತರಬೇತುದಾರರ ಮುಂದೆಯೇ ಮಾಡಬೇಕು. ಹುಡುಗನಿಗೆ ಈ ಪರೀಕ್ಷೆಯನ್ನು ವಿವರಿಸಿದಾಗ ಅವನು ನಕ್ಕು, "ನಮ್ಮಣ್ಣ ಟ್ರಿಗರ್ ಒತ್ತುವ ಮೊದಲೇ ಹಲ್ಲು ಕಚ್ಚುತ್ತಾನೆ ಸರ್" ಎಂದ. ಆ ಅಣ್ಣ ಕಲಿಕೆಯನ್ನೇ 12 ಬೋರಿನಿಂದ ಆರಂಭಿಸಿದ್ದನಂತೆ. ಸಣ್ಣ ಕೋವಿ ಹಿಡಿದರೆ ಗೆಳೆಯರು ನಗುತ್ತಾರೆಂಬ ಸಂಕೋಚ!

ಬೀಳುವ ಗುಂಡು, ಬೀಸುವ ಗಾಳಿ

ಕೋವಿಯನ್ನು ನೆಲಕ್ಕೆ ಸರಿಯಾಗಿ ಸಮಾನಾಂತರ ಹಿಡಿದು ಹೊಡೆದರೂ ಗುಂಡು ನಳಿಗೆ ಬಿಟ್ಟ ಕ್ಷಣದಿಂದ ಬೀಳತೊಡಗುತ್ತದೆ. ಎಷ್ಟು ಬೀಳುತ್ತದೆ ಎಂಬುದು ಗುಂಡಿನ ತೂಕವನ್ನು ನೇರವಾಗಿ ಅವಲಂಬಿಸಿಲ್ಲ, ಹಾರಾಟದ ಅವಧಿಯನ್ನು ಅವಲಂಬಿಸಿದೆ. ಟೂ ಟೂ ಗುಂಡಿಗೆ 50 ಮೀಟರ್ ಕ್ರಮಿಸಲು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಸುಮಾರು 12.5 ಸೆಂ.ಮೀ. ಬಿದ್ದಿರುತ್ತದೆ. 100 ಮೀಟರಿನಲ್ಲಿ ಬೀಳುವುದು ಇದರ ಎರಡು ಪಟ್ಟಲ್ಲ, ನಾಲ್ಕು ಪಟ್ಟಿಗೂ ಹೆಚ್ಚು, ಅಂದರೆ ಅರ್ಧ ಮೀಟರಿಗೂ ಮೇಲೆ. .30-06ರ ಗುಂಡು ಅದೇ 100 ಮೀಟರಿನಲ್ಲಿ ಬೀಳುವುದು ಸುಮಾರು 7 ಸೆಂ.ಮೀ. ಮಾತ್ರ. ಬೀಳುವಿಕೆ ಪ್ರತಿ ಸಲವೂ ಒಂದೇ ಸಮನಾಗಿರುವುದರಿಂದ ಸೈಟನ್ನು ತಿರುಗಿಸಿ ಸರಿಪಡಿಸಬಹುದು. ಗೊತ್ತಿರುವ ದೂರಕ್ಕೆ ಹೊಡೆಯುವ ಆಟದಲ್ಲಿ ಇದೊಂದು ಸಮಸ್ಯೆಯೇ ಅಲ್ಲ.

ಗಾಳಿ ಹಾಗಲ್ಲ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಸೆಕೆಂಡಿಗೆ 3 ಮೀಟರ್, ಅಂದರೆ ಎಲೆಗಳು ಸದಾ ಅಲುಗಾಡುವಷ್ಟು ಗಾಳಿ ಅಡ್ಡಲಾಗಿ ಬೀಸಿದರೂ ಟೂ ಟೂ ಗುಂಡು 50 ಮೀಟರಿನಲ್ಲಿ ಸುಮಾರು 2 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಮಾತ್ರ. ಗಾಳಿಯನ್ನು ಗಮನಿಸದವನ ಹತ್ತು ಎಂಟಾಗುತ್ತದೆ.

ಹಾಗಾದರೆ ಇನ್ನೂ ವೇಗದ ಟೂ ಟೂ ತೋಟಾ ಬಳಸಿದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಸೆಕೆಂಡಿಗೆ 380 ಮೀಟರ್ ವೇಗದವೂ ಮಾರಾಟಕ್ಕಿವೆ. ಆದರೆ ಒಲಿಂಪಿಕ್ ಗುರಿಕಾರರು ಅವುಗಳನ್ನು ಮುಟ್ಟುವುದಿಲ್ಲ! ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆ ವೇಗದ ಆಸುಪಾಸಿನಲ್ಲಿ ಗುಂಡಿನ ಮುಂದೆ ಆಘಾತ ತರಂಗ ಏಳುತ್ತದೆ, ಗಾಳಿಯ ಎಳೆತ ಒಮ್ಮೆಲೇ ಏರುತ್ತದೆ. ಶಬ್ದಾತೀತ ವೇಗದಲ್ಲಿ ಹೊರಟ ಗುಂಡು ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ತುಸು ತೊನೆದಾಡುತ್ತದೆ. ಗಾಳಿಗೆ ಸರಿಯುವುದು ಹಾರಾಟದ ಒಟ್ಟು ಅವಧಿಯನ್ನಲ್ಲ, ಎಳೆತದಿಂದ ಆದ ವಿಳಂಬವನ್ನು ಅವಲಂಬಿಸಿರುತ್ತದೆ. ಆದ್ದರಿಂದ ವೇಗದ ಟೂ ಟೂ ಗುಂಡು ನಿಧಾನದ್ದಕ್ಕಿಂತ ಹೆಚ್ಚು ಸರಿಯುತ್ತದೆ. ಇಲ್ಲಿ ನಿಧಾನವೇ ಲಾಭ. ಈ ವಿಷಯ ಮೊದಲ ಸಲ ತಿಳಿದಾಗ ನನಗೂ ನಂಬಿಕೆ ಬಂದಿರಲಿಲ್ಲ.

ಪಾಯಿಂಟ್ ಟೂ ಟೂ ಉಳಿದುಕೊಂಡ ಬಗೆ

ಈ ತೋಟಾದ ಮೂಲದಲ್ಲೇ ಆಟವಿದೆ. ಫ್ರಾನ್ಸಿನ ಲೂಯಿ ನಿಕೋಲಾ ಫ್ಲೋಬೆರ್ 1845ರಲ್ಲಿ ಮನೆಯ ಹಜಾರದಲ್ಲಿ ಗುರಿಯಾಟ ಆಡಲೆಂದು ಪುಟ್ಟ ತೋಟಾ ತಯಾರಿಸಿದ. 1857ರಲ್ಲಿ ಅಮೆರಿಕದಲ್ಲಿ ಅದರ ಸಂತತಿಯಾದ .22 ಷಾರ್ಟ್ ಬಂತು, 1887ರಲ್ಲಿ .22 ಲಾಂಗ್ ರೈಫಲ್. ಇಂದು ನಾವು ಪಾಯಿಂಟ್ ಟೂ ಟೂ ಎನ್ನುವುದು ಬಹುಪಾಲು ಇದನ್ನೇ. ಇದರಲ್ಲಿ ಸಿಡಿಯುವ ರಾಸಾಯನಿಕ ತೋಟಾದ ತಳದ ಅಂಚಿನೊಳಗೇ ಇರುತ್ತದೆ. ಕೋವಿಯ ಮೊಳೆ ಅಂಚನ್ನು ಜಜ್ಜಿದಾಗ ಮದ್ದಿಗೆ ಬೆಂಕಿ ಹತ್ತುತ್ತದೆ. ಜಜ್ಜಬೇಕಾದ ಕಾರಣ ಅಂಚಿನ ಹಿತ್ತಾಳೆ ತೆಳುವಾಗಿರಲೇಬೇಕು. ತೆಳುವಾದ್ದರಿಂದ ಹೆಚ್ಚು ಒತ್ತಡ ತಾಳದು. ಹೀಗೆ ಈ ತೋಟಾದ ಸೌಮ್ಯತೆ ಅದರ ರಚನೆಯಲ್ಲೇ ಅಡಗಿದೆ. ಒತ್ತಡ ಕಡಿಮೆಯಿರುವುದರಿಂದ ಬರಿಯ ಸೀಸದ ಗುಂಡು ಸಾಕು, ನಳಿಗೆ ಬೇಗ ಸವೆಯುವುದಿಲ್ಲ, ತೋಟಾ ಅಗ್ಗ. ಗುರಿಯ ಆಟದಲ್ಲಿ ಸಾವಿರಾರು ಗುಂಡು ಹೊಡೆದೇ ಕಲಿಯಬೇಕಾದ್ದರಿಂದ ಅಗ್ಗವಾಗಿರುವುದು ಸಣ್ಣ ಗುಣವಲ್ಲ.

ಏರ್ ರೈಫಲ್ಲಿನಲ್ಲಿ ಮದ್ದೇ ಇಲ್ಲ. ಅದುಮಿದ ಗಾಳಿಯೇ ಗುಂಡನ್ನು ನೂಕುತ್ತದೆ. 10 ಮೀಟರ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿ.ಮೀ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ 4.5 ಮಿ.ಮೀ. ಕೋವಿಯಿಂದ. ಅವನಿ ಲೇಖರಾ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲೂ 2024ರ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದದ್ದು ಇದರಿಂದಲೇ. 2024ರಲ್ಲಿ ಸ್ವಪ್ನಿಲ್ ಕುಸಾಲೆ ಮೂರು ಭಂಗಿಗಳ 50 ಮೀಟರ್ ಸ್ಪರ್ಧೆಯಲ್ಲಿ ಕಂಚು ತಂದದ್ದು ಪಾಯಿಂಟ್ ಟೂ ಟೂವಿನಿಂದ. ದೊಡ್ಡ ಬೋರಿನ 300 ಮೀಟರ್ ಸ್ಪರ್ಧೆ 1972ರ ಬಳಿಕ ಒಲಿಂಪಿಕ್ಸ್‌ನಲ್ಲಿ ಇಲ್ಲ.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಕೋವಿ ಆರಿಸುವವರು ಕೇಳಲೇಬೇಕಾದ, ಆದರೆ ಬಹುತೇಕ ಯಾರೂ ಕೇಳದ ಪ್ರಶ್ನೆ ಇದು. ತೆಂಗಿನಕಾಯಿಯನ್ನು ಎತ್ತರದಲ್ಲಿ ಕಟ್ಟಿದರೆ ಕೋವಿಯ ಮೂತಿ ಮೇಲ್ಮುಖವಾಗುತ್ತದೆ. ತಾಗದ ಗುಂಡೂ, ಕಾಯಿಯನ್ನು ತೂರಿಹೋದ ಗುಂಡೂ ಮುಂದೆ ಸಾಗುತ್ತಲೇ ಇರುತ್ತವೆ. 12 ಬೋರಿನ 6ನೇ ನಂಬರಿನ ಚರೆ ಹಗುರ. ಗಾಳಿ ಅದನ್ನು ಬೇಗ ತಡೆಯುತ್ತದೆ, ಹೆಚ್ಚೆಂದರೆ 220 ಮೀಟರ್ ಹೋಗಿ ಬೀಳುತ್ತದೆ. ಟೂ ಟೂ ಗುಂಡು ಒಂದೂವರೆ ಕಿಲೋಮೀಟರ್ ದಾಟಬಲ್ಲದು. .30-06 ನಾಲ್ಕು ಕಿಲೋಮೀಟರಿಗೂ ಮೇಲೆ. ಕೊಡಗಿನ ನಕ್ಷೆ ಹಾಸಿ, ನಿಮ್ಮ ಊರಿನ ಮೈದಾನದ ಮೇಲೆ ಕೈವಾರದ ಮೊನೆಯಿಟ್ಟು ನಾಲ್ಕು ಕಿಲೋಮೀಟರಿನ ವೃತ್ತ ಎಳೆದು ನೋಡಿ. ಅದರೊಳಗೆ ಎಷ್ಟು ಮನೆ, ಎಷ್ಟು ಕಾಫಿ ತೋಟ, ಕೆಲಸದವರ ಎಷ್ಟು ಲೈನ್ ಮನೆಗಳಿವೆ? ಗುರಿಯ ಹಿಂದೆ ಎತ್ತರದ ಮಣ್ಣಿನ ದಿಣ್ಣೆಯೋ ಗುಡ್ಡದ ಮೈಯೋ ಇಲ್ಲದಿದ್ದರೆ ಯಾವ ರೈಫಲ್ಲೂ ಆಟದ ವಸ್ತುವಲ್ಲ.

ಕಾನೂನಿಗೂ ಈ ಅಂಕಿಗಳೊಂದಿಗೆ ಸಂಬಂಧವಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನ್, ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸದ ಕೋವಿಯ ವಿಷಯದಲ್ಲಿ ಪಾಯಿಂಟ್ ಟೂ ಟೂ ಬೋರನ್ನು ಹೆಸರಿಸಿಯೇ ಹೇಳುತ್ತದೆ. 2016ರ ನಿಯಮಗಳು 4.5 ಮಿ.ಮೀ. ಅಗಲ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಪರವಾನಗಿಯ ಅಗತ್ಯವಿಲ್ಲದಂತೆ ಮಾಡಿವೆ. .303, 7.62 ಮಿ.ಮೀ. ಮೊದಲಾದ ಸೇನೆಯ ಬೋರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸೇನೆಯ ತೋಟಾ ಹೊರಗಿನ ಕೋವಿಗಳಿಗೆ ಸೇರಬಾರದೆಂಬುದೇ ಇದರ ಉದ್ದೇಶ. ಇಷಾಪುರದ ರೈಫಲ್ ಕಾರ್ಖಾನೆ ನಾಗರಿಕರಿಗಾಗಿ .315 ಎಂಬ ಬೇರೆಯೇ ಬೋರಿನ ರೈಫಲ್ ತಯಾರಿಸುತ್ತ ಬಂದಿರುವುದಕ್ಕೆ ಈ ಹಿನ್ನೆಲೆಯಿದೆ. ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲ ಒಂದು ವರ್ಷ ಏರ್ ರೈಫಲ್, ಅದೂ ಕಲಿಸುವವರ ಕಣ್ಣೆದುರು. ಉಸಿರು, ಬೆರಳು, ಕಣ್ಣು ಮೂರೂ ಒಂದಕ್ಕೊಂದು ಹೊಂದಿಕೊಂಡ ಮೇಲೆ, ವಯಸ್ಸು ಮತ್ತು ಕಾನೂನು ಒಪ್ಪಿದಾಗ ಪಾಯಿಂಟ್ ಟೂ ಟೂ. ತೆಂಗಿನಕಾಯಿಗೆ ಅದಕ್ಕಿಂತ ದೊಡ್ಡ ರೈಫಲ್ ಬೇಕಿಲ್ಲ. ಟೂ ಟೂ ರೈಫಲ್ಲಿನ ಸದ್ದೂ 140 ಡೆಸಿಬೆಲ್‌ಗೆ ಹತ್ತಿರವಿರುವುದರಿಂದ ಕಿವಿಗೆ ರಕ್ಷಣೆ ಬೇಕೇ ಬೇಕು. ಸೀಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಹಬ್ಬದ ಊಟಕ್ಕೆ ಕೂರಬಾರದು.

ಹಬ್ಬ ಮುಗಿಸಿ ಬಂದವನು ತಾನು ಏರ್‌ಗನ್ ವಿಭಾಗದಲ್ಲಿ ಎರಡನೇ ಸುತ್ತಿಗೆ ಹೋದೆನೆಂದ. ಅಣ್ಣನ ಸುದ್ದಿ ಕೇಳಿದೆ. "ಸುಳ್ಳು ತೋಟಾದ ಪರೀಕ್ಷೆ ಮಾಡಿಸಿದೆವು ಸರ್. ಐದರಲ್ಲಿ ನಾಲ್ಕು ಸಲ ಮೂತಿ ಬಾಗಿತು. ಈಗ ನನ್ನ ಏರ್‌ಗನ್ನನ್ನೇ ಕೇಳುತ್ತಿದ್ದಾನೆ" ಎಂದ.